ಎಂಜಿನ್ ಬಂದ್ ಮಾಡಿ ಕೇಳಿದ ರಸ್ತೆಗಳು

ಆ ಸಂಜೆ ಈರಣ್ಣ ಜೀಪಿನ ನಾಲ್ಕೂ ಗಾಲಿಗಳ ಗಾಳಿ ನೋಡಿದ. ನಾನು ಪಕ್ಕದಲ್ಲಿ ನಿಂತಿದ್ದೆ. ಹಿಂದಿನ ಎಡಗಾಲಿಯಲ್ಲಿ ಸ್ವಲ್ಪ ಕಡಿಮೆ ಇತ್ತು. ಪಂಪು ತಂದು ಹೊಡೆದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಕಲ್ಲುಗಳನ್ನು ಮೊಳೆಯಿಂದ ಒಂದೊಂದಾಗಿ ಕಿತ್ತು ಹಾಕಿದ. ಒಂದು ಕಲ್ಲು ಉಳಿದರೂ ಮರುದಿನ ರಸ್ತೆಯ ಸದ್ದು ಅಳೆಯುವಾಗ ಅದು ಟಕ್ ಟಕ್ ಎಂದು ಬೇರೆಯಾಗಿ ಕೇಳಿಸುತ್ತದೆ. ರೋಣದ ನಮ್ಮ ಕಚೇರಿಯ ಅಂಗಳದಲ್ಲಿ ಬಿಸಿಲು ಇಳಿದಿತ್ತು.

"ಅಕ್ಕಾರ, ನಾಳೆ ನೀವು ರೊಟ್ಟಿ ಕಟ್ಟಿಕೊಂಡು ಬರಬ್ಯಾಡ್ರಿ," ಎಂದ. "ನಮ್ಮನ್ಯಾಗ ಹೊಸಾ ಜ್ವಾಳ ಬೀಸಿಸ್ಯಾರ. ಎಲ್ಲಾರಿಗೂ ನಾನ ತರ್ತೀನಿ."

"ಪುಂಡಿಪಲ್ಯ ಇದ್ರ ಅದನ್ನೂ ತಾ."

"ಪುಂಡಿಪಲ್ಯ ತಿಂದು ಸಾಹೇಬ್ರು ಮೈಕಿನ ಮುಂದ ತೇಗ್ತಾರ. ಹೋದ ಸಲ ಅಳತಿನ ಕೆಟ್ಟಿತ್ತಲ್ಲ."

ಒಳಗಿದ್ದ ನಮ್ಮ ಎಂಜಿನಿಯರು, ದೇಸಾಯಿ ಸಾಹೇಬರು, ಕಿಟಕಿಯಿಂದ ಕೂಗಿದರು: "ಈರಣ್ಣ, ನನ್ನ ಕಿವಿ ಇನ್ನೂ ಚಲೋ ಅದಾವ."

ಅವನು ನಾಲಿಗೆ ಕಚ್ಚಿಕೊಂಡು ನಕ್ಕ. ಕೀಲಿಯನ್ನು ಒಳಗೆ ಮೊಳೆಗೆ ಹಾಕಿ ಸೈಕಲ್ಲು ಹತ್ತಿ ಹೋದ. ಅಂದು ನಡೆದದ್ದು ಇಷ್ಟೇ. ಬೆಳಗಾಗುತ್ತಲೇ ಅವನ ಮನೆಯಿಂದ ಫೋನು ಬಂತು. ಎದ್ದವನು ಎದೆ ಹಿಡಿದುಕೊಂಡು ಕೂತನಂತೆ. ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ನಿವೃತ್ತಳಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಎಂದರು. ನಾನು ಬರೆಯುವವಳಲ್ಲ. ಅಸೂಟಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಪಿಯುಸಿ ವಿಜ್ಞಾನ ಓದಿ, ರಸ್ತೆಗಳ ಗುಣಮಟ್ಟ ನೋಡುವ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದವಳು. ಕಡಿ, ಅಂದರೆ ಜಲ್ಲಿಕಲ್ಲು ತೂಗುವುದು, ಡಾಂಬರು ಕಾಯಿಸಿ ನೋಡುವುದು, ಇದರಲ್ಲೇ ಅರ್ಧ ನೌಕರಿ ಹೋಯಿತು. ಉಳಿದರ್ಧ ಸದ್ದಿನ ಕೆಲಸ. ಅದನ್ನು ಬರೆಯಬೇಕೆಂದರೆ ಈರಣ್ಣನಿಂದಲೇ ಶುರುಮಾಡಬೇಕು. ಅವನಿಲ್ಲದೆ ಆ ಕೆಲಸವೇ ಇರಲಿಲ್ಲ.

ಅವನು ಜೀಪಿನ ಡ್ರೈವರು. ನನಗಿಂತ ಸ್ವಲ್ಪ ಸಣ್ಣವನು.

ಗಾಡಿಯ ಸದ್ದೆಂದರೆ ಎಂಜಿನ್ನು ಮತ್ತು ಹಾರ್ನು ಎಂದೇ ನಾನು ತಿಳಿದಿದ್ದೆ. ಸಾಹೇಬರು ಸದ್ದು ಅಳೆಯುವ ಯಂತ್ರ ತರಿಸಿದ ಮೇಲೆ, ಮೊದಲ ಸಲ ನಾವು ಬೆಳವಣಕಿ ಹತ್ತಿರದ ನೇರ ರಸ್ತೆಗೆ ಹೋದೆವು. ರಸ್ತೆಯ ಬದಿಗೆ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ಮೈಕು ಇಟ್ಟು, ನಾನು ಯಂತ್ರ ಹಿಡಿದು ಕೂತೆ. ಎರಡೂ ಕಡೆ ಕೆಂಪು ಬಾವುಟ ಹಿಡಿದ ಕೂಲಿಯವರು ವಾಹನ ತಡೆದರು. ಈರಣ್ಣ ದೂರದಿಂದ ಜೀಪು ಓಡಿಸಿಕೊಂಡು ಬಂದು, ಸುಣ್ಣದ ಗೆರೆ ಮುಟ್ಟುವ ಮೊದಲೇ ಗೇರು ಬಿಡಿಸಿ, ಎಂಜಿನ್ ಬಂದ್ ಮಾಡಿದ. ಜೀಪು ಸುಮ್ಮನೆ ಉರುಳಿಕೊಂಡು ಬಂತು. ಗುಡುಗುಡು ಇಲ್ಲ. ಆದರೂ ಸದ್ದು ಬಂತು. ದೊಡ್ಡದೊಂದು ಬಟ್ಟೆಯನ್ನು ಯಾರೋ ಉದ್ದಕ್ಕೆ ಹರಿಯುತ್ತಿದ್ದಾರೆ ಎನ್ನುವಂತೆ. ನನ್ನ ಮುಂದೆ ಹಾಯ್ದು, ಸಣ್ಣದಾಗುತ್ತ ಹೋಯಿತು. ಅಷ್ಟು ವರ್ಷ ರಸ್ತೆಯ ಕೆಲಸ ಮಾಡಿಯೂ ನಾನು ರಸ್ತೆಯ ದನಿ ಕೇಳಿದ್ದು ಅದೇ ಮೊದಲು.

ಸಾಹೇಬರು ನಮಗೆ ತಿಳಿಸಿ ಹೇಳಿದರು. "ಟೈರಿನ ಮ್ಯಾಲಿನ ರಬ್ಬರ್ ಗಟ್ಟಿಗೋಳು ರಸ್ತಿ ಕಲ್ಲಿಗೆ ಬಡೀತಾವ. ಗೀರಿನ್ಯಾಗ ಸಿಕ್ಕ ಗಾಳಿ ಹಿಂಡಿಕೊಂಡು ಹೊರಗ ಬರತೈತಿ. ಚಪ್ಪಾಳಿ ಹೊಡದಂಗ."

"ಅಂದ್ರ ರಸ್ತಿ ನನಗ ಚಪ್ಪಾಳಿ ಹೊಡ್ಯಾಕತ್ತೈತಿ ಅನ್ರಿ," ಎಂದ ಈರಣ್ಣ.

ಕೇಳಲು ಸುಲಭ, ಮಾಡಲು ಅಲ್ಲ. ಪ್ರತಿ ಸಲವೂ ಅದೇ ವೇಗದಲ್ಲಿ ಗೆರೆ ಮುಟ್ಟಬೇಕು. ಎಂಜಿನ್ ಬಂದ್ ಆದ ಮೇಲೆ ಬ್ರೇಕು ಗಟ್ಟಿಯಾಗುತ್ತದೆ, ಮುಂದೆ ನಾಯಿ ಬಂದರೂ ಕಷ್ಟ. ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಹೋಗುತ್ತಲೇ ಇರಬೇಕು. ಅವನು ಒಂದು ದಿನವೂ ಬೇಸರದ ಮುಖ ಮಾಡಲಿಲ್ಲ.

ಇನ್ನೊಂದು ಅಳತೆ ನನ್ನ ಪಾಲಿನದು. ರಸ್ತೆ ಎಷ್ಟು ಒರಟು ಎಂದು ನೋಡಲು, ಅಳತೆಯ ಬಟ್ಟಲಲ್ಲಿ ಸಣ್ಣ ಉಸುಕು ತುಂಬಿ, ರಸ್ತೆಯ ಮೇಲೆ ಸುರುವಿ, ಚಪ್ಪಟೆ ಹಲಗೆಯಿಂದ ದುಂಡಗೆ ಹರಡುತ್ತೇವೆ. ಕಲ್ಲುಗಳ ಸಂದಿ ಆಳವಿದ್ದರೆ ಉಸುಕು ಒಳಗಿಳಿದು ದುಂಡು ಸಣ್ಣದಾಗುತ್ತದೆ, ನುಣುಪಿದ್ದರೆ ದೊಡ್ಡದಾಗುತ್ತದೆ. ನಾನು ಸೆರಗು ಸಿಕ್ಕಿಸಿ ಹರಡುತ್ತ ಕೂತಾಗ ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ನಿಂತು ನೋಡುತ್ತಿದ್ದರು.

"ರಸ್ತಿ ಮ್ಯಾಲ ರಂಗೋಲಿ ಹಾಕಾಕ ಸರ್ಕಾರದವ್ರು ಪಗಾರ ಕೊಡ್ತಾರೇನವಾ?"

"ಕೊಡ್ತಾರ. ಬಣ್ಣ ತುಂಬಿದ್ರ ಜಾಸ್ತಿ ಕೊಡ್ತಾರ," ಎಂದು ಈರಣ್ಣ ಜೀಪಿನಿಂದಲೇ ಉತ್ತರ ಕೊಡುತ್ತಿದ್ದ.

ನಮ್ಮ ತಪ್ಪುಗಳನ್ನೂ ಹೇಳಬೇಕು. ನರಗುಂದದಲ್ಲಿ ಒಂದು ಕಾಂಕ್ರೀಟು ರಸ್ತೆ ಹೊಸದಾಗಿ ಆಗಿತ್ತು. ಜಾರಬಾರದೆಂದು ಅದರ ಮೇಲೆ ಅಡ್ಡಡ್ಡ ಗೀರು ಎಳೆದಿದ್ದರು. ರಸ್ತೆ ಬದಿಯ ಅರಿವೆ ಅಂಗಡಿಯ ಸಾವಕಾರರು, ಗಾಡಿ ಹೋದಾಗಲೆಲ್ಲ ಸೀಟಿ ಹೊಡೆದಂತೆ ಆಗುತ್ತದೆ, ಗಿರಾಕಿಗಳಿಗೆ ದರ ಹೇಳಿದ್ದು ಕೇಳುವುದಿಲ್ಲ ಎಂದು ದೂರು ಕೊಟ್ಟಿದ್ದರು. ಹೋಗಿ ಅಳೆದೆವು. ಯಂತ್ರದಲ್ಲಿ ಒಂದೇ ಸ್ವರ ಉಳಿದೆಲ್ಲವನ್ನೂ ಮೀರಿ ಕಂಬದಂತೆ ಎದ್ದು ನಿಂತಿತು. ಅಂಥದ್ದನ್ನು ನಾವು ಎಂದೂ ನೋಡಿರಲಿಲ್ಲ. ಯಂತ್ರವೇ ಕೆಟ್ಟಿದೆ ಎಂದುಕೊಂಡು ಸಾಹೇಬರು ಅದನ್ನು ಹುಬ್ಬಳ್ಳಿಗೆ ರಿಪೇರಿಗೆ ಕಳಿಸಿದರು. ಏನೂ ಕೆಟ್ಟಿಲ್ಲ ಎಂದು ತಿರುಗಿ ಬಂತು.

ಎರಡನೆಯ ಸಲ ಹೋದಾಗ ಸಾವಕಾರರು ಗಾದಿಯಿಂದ ಎದ್ದೇ ಬಂದರು. "ಯಂತ್ರಕ್ಕ ದವಾಖಾನಿ ತೋರಿಸಿಕೊಂಡು ಬಂದ್ರೇನ್ರಿ? ನಾ ಬಾಯಿ ಬಿಟ್ಟು ಹೇಳಿದ್ದು ಸುಳ್ಳ ಅನಿಸ್ತೋ ಏನೋ."

ಸಾಹೇಬರು ಕೈ ಮುಗಿದರು. ಗೀರುಗಳನ್ನು ಸಮ ಅಂತರದಲ್ಲಿ ಎಳೆದಿದ್ದರಿಂದ ಪ್ರತಿ ಗಾಲಿಯೂ ಅದೇ ಸ್ವರ ನುಡಿಸುತ್ತಿತ್ತು, ಅಷ್ಟೇ. ಮುಂದಿನ ತುಂಡು ಹಾಸುವಾಗ ಗೀರನ್ನು ಅಡ್ಡ ಎಳೆಯದೆ ರಸ್ತೆಯ ಉದ್ದಕ್ಕೆ ಎಳೆಸಿದರು. ಅಲ್ಲಿ ಸೀಟಿ ಇಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟು: ಯಂತ್ರವನ್ನು ಹೊರಗೆ ತೆಗೆಯುವ ಮೊದಲು, ಆ ಸದ್ದು ಯಾರ ಮೇಲೆ ಬೀಳುತ್ತದೋ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.

ಗಜೇಂದ್ರಗಡದಲ್ಲಿ ನಮ್ಮನ್ನು ಸೋಲಿಸಿದ್ದು ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಸೀಮೆ ಅದು. ಮೈಕಿಗೆ ಗಾಳಿ ಬಡಿದರೆ ರಸ್ತೆಯ ಸದ್ದಲ್ಲ, ಗಾಳಿಯ ಸದ್ದೇ ಬರುತ್ತದೆ. ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿದರೂ ಒಂದು ಮಿತಿಯ ಮೇಲೆ ಅದೂ ನಡೆಯುವುದಿಲ್ಲ. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದೆವು.

"ಗಾಳಿಗೂ ಒಂದು ಪಗಾರ ಹಚ್ರಿ ಸಾಹೇಬ್ರ," ಎಂದ ಈರಣ್ಣ. "ನಮ್ಮಕಿಂತ ಜಾಸ್ತಿ ದುಡ್ಯಾಕತ್ತೈತಿ."

ಮೇಲಿನವರೊಬ್ಬರು ಸಾಹೇಬರನ್ನು ಎಲ್ಲರ ಮುಂದೆ ಕೇಳಿದರು: "ಹೋಗಿ ಬಂದು ಮಾಡಿದ್ದೇನು? ಹತ್ತಿರ ಹತ್ತಿರ ಇರೂ ಅಂಕಿ ಒಂದು ಬರದು ಹಾಕಾಕ ಆಗೂದಿಲ್ಲೇನು?" ಸಾಹೇಬರು, "ಇಲ್ರಿ, ಗಾಳಿ ಇತ್ತು, ಅಳತಿ ಆಗಿಲ್ಲ," ಎಂದಷ್ಟೇ ಹೇಳಿದರು. ಆ ಮೇಲಿನವರ ಸಿಟ್ಟು ನಮ್ಮ ತನಕ ಬರಲಿಲ್ಲ, ಸಾಹೇಬರಲ್ಲೇ ನಿಂತಿತು. ನನ್ನ ನೌಕರಿಯಲ್ಲಿ ಒಂದೇ ಒಂದು ಸುಳ್ಳು ಅಂಕಿ ಬರೆಯುವ ಪ್ರಸಂಗ ಬರಲಿಲ್ಲ. ಎಷ್ಟು ಜನರಿಗೆ ಈ ಮಾತು ಹೇಳಲು ಸಾಧ್ಯವೋ ಗೊತ್ತಿಲ್ಲ. ಅದಕ್ಕೆ ಸಾಹೇಬರಿಗೆ ನಾನು ಋಣಿ.

ಈಗ ಆ ಶಾಲೆಯ ವಿಷಯ. ಸವಡಿ ಆಚೆಯ ಒಂದು ಊರು. ಅಲ್ಲಿಯ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು, ಇನ್ನೂ ನೌಕರಿಯಲ್ಲಿರುವುದರಿಂದ ಹೆಸರು ಬೇಡ. ಶಾಲೆಯ ಒಂದನೇ ಇಯತ್ತೆಯ, ಅಂದರೆ ಒಂದನೇ ತರಗತಿಯ ಕೋಣೆ ರಸ್ತೆಗೆ ತಾಗಿಕೊಂಡೇ ಇತ್ತು. ಆ ರಸ್ತೆಗೆ ಡಾಂಬರು ಹೊಡೆದು, ದೊಡ್ಡ ಕಡಿ ಚೆಲ್ಲಿ, ರೋಲರ್ ಎಳೆದಿದ್ದರು. ಗಟ್ಟಿ ರಸ್ತೆ, ಮಳೆಯಲ್ಲಿ ಜಾರುವುದಿಲ್ಲ. ಆದರೆ ಲಾರಿ ಹೋದರೆ ಕೋಣೆಯಲ್ಲಿ ಕಡಲೆ ಹುರಿದಂತೆ ಸದ್ದು. ನಾವು ಮೊದಲ ಸಲ ಹೋದಾಗ ಬಿರುಬೇಸಿಗೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಅಕ್ಕೋರು ಗಂಟಲ ಮೇಲೆ ಕೈ ಇಟ್ಟುಕೊಂಡು ಮಾತಾಡಿದರು. ದನಿ ಅರ್ಧ ಗಾಳಿಯಾಗಿ ಬರುತ್ತಿತ್ತು.

"ಗಂಟಲದಾಗ ಗಂಟು ಆಗ್ಯಾವ ಅಂದ್ರ ಡಾಕ್ಟ್ರು. ಕಡಿಮಿ ಮಾತಾಡ್ರಿ ಅಂತಾರ. ಒಂದನೇ ಇಯತ್ತೆ ಮಕ್ಕಳಿಗೆ ಕಡಿಮಿ ಮಾತಾಡಿ ಹ್ಯಾಂಗ ಕಲಸೂದ್ರಿ? ಇದು ಹಿಂಗ ನಡದ್ರ ಸಾಲಿ ಬಿಡೂದ ಖರೇ."

ಅವರಿಗೆ ಆ ಕೆಲಸ ಬಿಟ್ಟರೆ ಬೇರೆ ಜೀವನವಿರಲಿಲ್ಲ. ಮದುವೆಯಾಗಿರಲಿಲ್ಲ, ಊರಿನ ಅರ್ಧ ಜನ ಅವರ ಕೈಯಲ್ಲೇ ಅಕ್ಷರ ಕಲಿತವರು. ಜೀಪು ಹತ್ತುವಾಗ ಈರಣ್ಣ ಒಂದೇ ಮಾತು ಹೇಳಿದ: "ಸಾಹೇಬ್ರ, ಇದೊಂದು ರಸ್ತಿ ನಾವು ಸುಮ್ಮ ಮಾಡಬೇಕ್ರಿ."

ಹಳೆಯ ರಸ್ತೆಯ ಅಳತೆ ತೆಗೆದೆವು. ಸಾಹೇಬರು ಓಡಾಡಿ, ಶಾಲೆಯ ಮುಂದಿನ ತುಂಡಿಗೆ ಪ್ರಯೋಗವೆಂದು ಹೊಸ ಬಗೆಯ ಡಾಂಬರು ಹಾಸಲು ಒಪ್ಪಿಗೆ ತಂದರು. ಕಲ್ಲುಗಳ ನಡುವೆ ತೂತು ಉಳಿಯುವಂತೆ ಹಾಸುವ ಡಾಂಬರು ಅದು. ಗಾಲಿಯ ಕೆಳಗಿನ ಗಾಳಿ ಆ ತೂತುಗಳಲ್ಲಿ ಇಳಿದುಹೋಗುತ್ತದೆ, ಸದ್ದು ಹುಟ್ಟುವುದೇ ಕಡಿಮೆ. ಮೇಲೆ ನೀರು ಸುರಿದರೆ ನೋಡುತ್ತಿದ್ದಂತೆ ಇಂಗಿಬಿಡುತ್ತಿತ್ತು. ಅಳೆದಾಗ ನನಗೆ ನಂಬಲಾಗಲಿಲ್ಲ. ಈರಣ್ಣನ ಜೀಪು ಮುಂದೆ ಹಾಯ್ದದ್ದು ಬೆಕ್ಕು ನಡೆದಂತಿತ್ತು. ಅಕ್ಕೋರು ಕಿಟಕಿ ತೆರೆದು ನಿಂತು, "ನನ್ನ ದನಿ ನನಗ ಕೇಳಾಕತ್ತೈತ್ರಿ ಅಕ್ಕಾರ," ಎಂದರು.

ನಾವು ಮರೆತದ್ದು ಒಂದೇ. ನಮ್ಮ ಸೀಮೆಯಲ್ಲಿ ಹೆಸರು ಕಾಳು ಕೊಯ್ದ ಮೇಲೆ ಅದನ್ನು ಎಲ್ಲಿ ಬಡಿಯುತ್ತಾರೆ? ಕಣ ಮಾಡುವವರು ಈಗ ಕಡಿಮೆ. ಡಾಂಬರು ರಸ್ತೆಯ ಮೇಲೆ ಗಿಡ ಹರಡುತ್ತಾರೆ. ಬಂದುಹೋಗುವ ಗಾಡಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ಹಳೆಯ ರಸ್ತೆಯಲ್ಲಿ ಕಡಿ ಎದ್ದು ಕಾಳಿನಲ್ಲಿ ಕಲ್ಲು ಸೇರುತ್ತಿತ್ತು. ಹೊಸ ರಸ್ತೆ ಅಂಗಳದಂತೆ ಸ್ವಚ್ಛ. ಇಡೀ ಊರು ಶಾಲೆಯ ಮುಂದೆಯೇ ಹೆಸರು ಹಾಕಿತು. ನಾವು ಇನ್ನೊಂದು ಅಳತೆಗೆ ಹೋದ ದಿನವೂ ಸುಗ್ಗಿ ನಡೆದಿತ್ತು. ಶಾಲೆಯ ಪಕ್ಕದ ಮನೆಯ ಗಂಗವ್ವ ಜೀಪಿಗೆ ಅಡ್ಡ ನಿಂತಳು.

"ಯಪ್ಪಾ ಈರಣ್ಣ, ಹೆಂಗೂ ಆ ಕಡಿಂದ ಈ ಕಡಿ ಸುಮ್ನ ತಿರಗ್ಯಾಡ್ತಿ. ನನ್ನ ಹೆಸರಿನ ಮ್ಯಾಲ ನಾಕ ಸಲ ಹಾಯ್ದು ಹೋಗಲ್ಲ."

"ಯವ್ವಾ, ಇದು ಸರ್ಕಾರದ ಜೀಪು."

"ಸರ್ಕಾರದವ್ರು ಹೆಸರಬ್ಯಾಳಿ ತಿನ್ನೂದಿಲ್ಲೇನು?"

ಸಾಹೇಬರು ನಗುತ್ತ ಬೇರೆ ಕಡೆ ಮುಖ ತಿರುಗಿಸಿದರು. ಈರಣ್ಣ ಅವಳ ಹೆಸರಿನ ಮೇಲೆ ಹಿಂದೆ ಮುಂದೆ ಹಾಯ್ದ. ಅಂದು ಅಳತೆ ಆಗಲಿಲ್ಲ. ಬೊಗಸೆ ಕಾಳು ಕಟ್ಟಿಸಿಕೊಂಡು ಬಂದೆವು.

ಮುಂಗಾರು ಮುಗಿದು ಹಿಂಗಾರಿ ಬಿತ್ತನೆ ಆಯಿತು. ಟ್ರ್ಯಾಕ್ಟರುಗಳು ಎರೆ ಮಣ್ಣನ್ನು ಗಾಲಿಗಂಟಿಸಿಕೊಂಡು ಬಂದು ರಸ್ತೆಯ ಮೇಲೆ ಉದುರಿಸಿದವು. ಅಕ್ಕೋರು ಫೋನು ಮಾಡಿ, ಕಿಟಕಿ ಮತ್ತೆ ಮುಚ್ಚಿದ್ದೇನೆ ಎಂದರು. ಹೋಗಿ ಅಳೆದೆವು. ಸದ್ದು ಹಳೆಯದರ ಹತ್ತಿರ ಹತ್ತಿರ ಬಂದಿತ್ತು. ಜೀಪಿನ ಟೈರಿನ ದೋಷವೋ ಎಂದು ಮೊದಲು ಗಾಲಿ ನೋಡಿದೆವು. ಆಮೇಲೆ ಸಾಹೇಬರು ತಂಬಿಗೆ ನೀರು ತರಿಸಿ ರಸ್ತೆಯ ಮೇಲೆ ಸುರಿದರು. ನೀರು ನಿಂತೇ ಇತ್ತು. ನಾನು ಕೂದಲಿನ ಪಿನ್ನು ಕೊಟ್ಟೆ. ಅವರು ಮಂಡಿಯೂರಿ ಕೂತು ಒಂದು ತೂತು ಕೆದರಿದರು. ಕರಿ ಮಣ್ಣು ಬಂತು, ಅದರೊಳಗೆ ಹೆಸರಿನ ಹೊಟ್ಟು.

ಸುದ್ದಿ ತಿಳಿದು ಗಂಗವ್ವ ಓಡಿ ಬಂದಳು. "ನಮ್ಮ ಹೊಟ್ಟಿನಿಂದ ಅಕ್ಕೋರ ದನಿ ಹೋತೇನ್ರಿ?"

"ಹೊಟ್ಟಿಂದಲ್ಲವಾ," ಎಂದರು ಸಾಹೇಬರು. "ಹೆಸರು ಬೆಳಿಯೂ ಊರಾಗ ಜರಡಿಯಂಥಾ ರಸ್ತಿ ಹಾಸಿದವ ನಾನು."

"ನಾಕ ಸಲ ಹಾಯ್ದವ ನಾನು," ಎಂದ ಈರಣ್ಣ ಮೆಲ್ಲಗೆ.

ಅಕ್ಕೋರು ಆ ಚಳಿಗಾಲದಲ್ಲಿ ರಜೆ ಹಾಕಿದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗಲೂ ಹೀಗೇ ಇದ್ದರೆ ಪಾಠ ಮಾಡುವುದನ್ನೇ ಬಿಡಬೇಕೆಂದು ಡಾಕ್ಟರು ಹೇಳಿದ್ದರು.

ಸಾಹೇಬರು ಎರಡನೆಯ ಸಲ ಮೇಲಿನವರ ಬಾಗಿಲಿಗೆ ಹೋದರು. ತಾವು ಹಾಸಿದ್ದನ್ನು ತಾವೇ ತೆಗೆಸಬೇಕು ಎಂದು ಕೇಳುವುದು ಯಾವ ಎಂಜಿನಿಯರಿಗೂ ಸುಖದ ಮಾತಲ್ಲ. ಈ ಸಲ ಕೇಳಿದ್ದು ಸಣ್ಣ ಕಡಿಯ ದಟ್ಟ ಹಾಸು. ತೂತಿಲ್ಲ, ಮೇಲ್ಮೈ ಸಮ, ಆದರೆ ಜಾರದಷ್ಟು ಒರಟು. ಹೊಸದರಲ್ಲಿ ಜರಡಿ ರಸ್ತೆಯಷ್ಟು ಸದ್ದು ತಗ್ಗಿಸುವುದಿಲ್ಲ. ಆದರೆ ನಮ್ಮ ಮಣ್ಣಿನಲ್ಲಿ ಬಾಳುತ್ತದೆ. ಪುಸ್ತಕದಲ್ಲಿ ಎಲ್ಲಕ್ಕಿಂತ ಒಳ್ಳೆಯದೆಂದು ಬರೆದ ರಸ್ತೆ ಬೇರೆ, ಆ ಊರಿನಲ್ಲಿ ಉಳಿಯುವ ರಸ್ತೆ ಬೇರೆ. ಇದನ್ನು ಕಲಿಯಲು ನಮಗೆ ಒಂದು ಸುಗ್ಗಿ ಬೇಕಾಯಿತು.

ಈರಣ್ಣ ತನ್ನ ಪಾಲಿನ ಕೆಲಸವನ್ನು ಯಾರೂ ಹೇಳದೆ ಮಾಡಿದ. ರವಿವಾರ ಸೈಕಲ್ ಹತ್ತಿ ಆ ಊರಿಗೆ ಹೋಗಿ, ಮನೆ ಮನೆಗೆ ನಿಂತು, ಶಾಲೆ ದಾಟಿ ಆಚೆ ಹೆಸರು ಹಾಕಿರಿ ಎಂದು ಕೇಳಿಕೊಂಡ. ದಟ್ಟ ಹಾಸಾದರೂ ಹೊಟ್ಟು ಮಣ್ಣು ಬೀಳದಿದ್ದರೆ ಒಳ್ಳೆಯದೇ. ಜೊತೆಗೆ, ಒಕ್ಕಣೆಯ ಗದ್ದಲವೂ ಪಾಠದಿಂದ ದೂರ ಹೋಗುತ್ತದೆ.

ಗಂಗವ್ವ ಎಲ್ಲರ ಪರವಾಗಿ ಒಪ್ಪಿದಳಂತೆ, ಒಂದು ಕರಾರು ಹಾಕಿ. "ಸಾಲಿ ದಾಟಿ ಹಾಕತೀವಿ. ಆದ್ರ ನೀ ಬಂದಾಗೆಲ್ಲಾ ನಮ್ಮ ಹೆಸರಿನ ಮ್ಯಾಲ ಹಾಯ್ದ ಹೋಗಬೇಕು. ಸರ್ಕಾರದ ಜೀಪು ಅಂದಿ ಅಂದ್ರ ನಡಿಯೂದಿಲ್ಲ."

"ಕಬೂಲ್," ಎಂದು ಬಂದಿದ್ದ.

ಬೇಸಿಗೆಯಲ್ಲಿ ಹೊಸ ಹಾಸು ಬಿತ್ತು. ಹಾಸಿದ ಕೂಡಲೇ ಅಳೆಯಬಾರದು. ಕಡಿಯ ಮೇಲಿನ ತೆಳುವಾದ ಡಾಂಬರು ಗಾಲಿಗಳಿಗೆ ಸವೆಯುವ ತನಕ ಕಾಯಬೇಕು. ಶಾಲೆ ತೆರೆಯಿತು, ಮಳೆ ಬಂತು. ಅಳತೆಗೆ ಒಣ ರಸ್ತೆ ಬೇಕೆಂದು ಇನ್ನೂ ಕಾದೆವು. ಕೊನೆಗೆ ಮಳೆ ಬಿಡುವು ಕೊಟ್ಟಿತು, ಹೆಸರಿನ ಸುಗ್ಗಿಯೂ ಬಂತು, ದಿನ ಗೊತ್ತು ಮಾಡಿದೆವು. ಆ ದಿನದ ಹಿಂದಿನ ಸಂಜೆಯನ್ನೇ ನಾನು ಮೊದಲಿಗೆ ಬರೆದದ್ದು.

ಮರುದಿನ ನಾವು ಅಳತೆಗೆ ಹೋಗಲಿಲ್ಲ, ಮಣ್ಣಿಗೆ ಹೋದೆವು. ಈರಣ್ಣನ ಹೆಂಡತಿ ನನ್ನ ಕೈ ಹಿಡಿದು, "ನಿಮ್ಮ ಪಾಲಿನ ರೊಟ್ಟಿ ರಾತ್ರಿನ ಬಡದಿಟ್ಟಿದ್ನಿರಿ ಅಕ್ಕಾರ," ಎಂದಳು. ಸಾಹೇಬರು ಹೊರಗೆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು.

ಕೆಲವು ದಿನ ಬಿಟ್ಟು ನಾನು ಮತ್ತು ಸಾಹೇಬರು ಬಸ್ಸು ಹಿಡಿದು ಆ ಊರಿಗೆ ಹೋದೆವು. ಶಾಲೆಯ ಮುಂದೆ ರಸ್ತೆ ಖಾಲಿ ಇತ್ತು. ಶಾಲೆ ದಾಟಿ, ಹೇಳಿದ ಮಾತಿನಂತೆ, ಹೆಸರು ಹರಡಿತ್ತು. ಗಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಹಿಂದೆ ನೋಡಿದಳು.

"ಜೀಪ ಎಲ್ಲಿ? ಈರಣ್ಣ ಬರಲಿಲ್ಲೇನ್ರಿ?"

ನಾನೇ ಹೇಳಬೇಕಾಯಿತು. ಅವಳು ಕಸಬರಿಗೆ ತೆಗೆದುಕೊಂಡು, ಹರಡಿದ್ದ ಹೆಸರನ್ನೆಲ್ಲ ರಸ್ತೆಯ ಅಂಚಿಗೆ ಎಳೆಯತೊಡಗಿದಳು. ಯಾಕವ್ವಾ ಎಂದು ಸಾಹೇಬರು ಕೇಳಿದರು.

"ಇವತ್ತ ಇದರ ಮ್ಯಾಲ ಯಾರೂ ಹಾಯೂದು ಬ್ಯಾಡ್ರಿ," ಎಂದಳು.

ಒಂದನೇ ಇಯತ್ತೆಯ ಕೋಣೆಯ ಕಿಟಕಿಗಳು ತೆರೆದಿದ್ದವು. ಒಂದು ಲಾರಿ ಹೋಯಿತು. ಅದು ಹೋಗುವಾಗಲೂ ಒಳಗೆ ಅಕ್ಕೋರು ಮಗ್ಗಿ ಹೇಳಿಕೊಡುವುದು ನಮಗೆ ರಸ್ತೆಯ ಬದಿಯಲ್ಲಿ ಕೇಳಿಸಿತು. ಕೂಗುತ್ತಿರಲಿಲ್ಲ, ಹೇಳುತ್ತಿದ್ದರು. ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಆ ಮಗ್ಗಿ ಮುಗಿಯುವ ತನಕ ನಿಂತರು. ಅಕ್ಕೋರ ಗಂಟಲು ಪೂರ್ತಿ ಮೊದಲಿನಂತೆ ಆಗಲಿಲ್ಲ. ಆದರೆ ಅವರು ಇಂದಿಗೂ ಆ ಕೋಣೆಯಲ್ಲೇ ಪಾಠ ಮಾಡುತ್ತಿದ್ದಾರೆ.

ಡ್ರೈವರ ಜಾಗಕ್ಕೆ ಹೊಸಬರು ಬರಲಿಲ್ಲ. ಹಳೆಯ ಜೀಪನ್ನು ಹರಾಜು ಹಾಕಿದರು. ಈಗ ಗಾಲಿಯ ಪಕ್ಕದಲ್ಲೇ ಮೈಕು ಕಟ್ಟಿದ ಸಣ್ಣ ಗಾಡಿಯನ್ನು ಹಿಂದೆ ಎಳೆದುಕೊಂಡು ಹೋಗುತ್ತಾರೆ. ರಸ್ತೆ ತಡೆಯಬೇಕಿಲ್ಲ, ಎಂಜಿನ್ ಬಂದ್ ಮಾಡಬೇಕಿಲ್ಲ. ಒಳ್ಳೆಯ ವಿಧಾನ, ಹೊಸಬರು ಅದನ್ನೇ ಚೆನ್ನಾಗಿ ಕಲಿಯಲಿ. ಆ ಗಾಡಿ ಶಾಲೆಯ ಮುಂದೆಯೂ ಹೋಗಿ ಬಂದಿದೆ, ಸದ್ದು ಕಡಿಮೆ ಇದೆ ಎಂದು ಹೇಳಿದೆ. ಆದರೆ ವಿಧಾನ ಬೇರೆಯಾದ್ದರಿಂದ ಅದರ ಅಂಕಿಯನ್ನು ನಮ್ಮ ಹಳೆಯ ಅಂಕಿಯ ಪಕ್ಕದಲ್ಲಿಟ್ಟು ತೂಗುವಂತಿಲ್ಲ. ಹೋಲಿಸಬೇಕಾದರೆ ಅದೇ ಗಾಡಿ, ಅದೇ ಟೈರು, ಅದೇ ವೇಗ ಇರಬೇಕು.

ನನಗೆ ಒಳ್ಳೆಯ ಸಾಹೇಬರು ಸಿಕ್ಕರು. ಕೆಲಸ ಸಿಕ್ಕಿತು. ಊರೂರುಗಳಲ್ಲಿ ರಸ್ತೆ ಬದಿಯ ಜನ ನೀರು ಕೊಟ್ಟರು, ಬೈದರು, ನಗಿಸಿದರು. ಇಷ್ಟು ವರ್ಷ ಈರಣ್ಣನ ಜೊತೆ ದುಡಿದೆ. ಇದಕ್ಕಿಂತ ಹೆಚ್ಚು ಕೇಳುವುದು ಸರಿಯಲ್ಲ.

ಆ ಶಾಲೆಯ ಮುಂದೆ ಸದ್ದು ಕೊನೆಗೆ ಎಷ್ಟು ಕಡಿಮೆಯಾಯಿತು ಎಂದು ಹೊಸಬರು ಕೇಳುತ್ತಾರೆ. ದೊಡ್ಡ ಕಡಿಯ ರಸ್ತೆಯ ಅಳತೆ ಇದೆ. ಜರಡಿ ರಸ್ತೆಯ ಅಳತೆ ಇದೆ, ಅದು ಕೆಟ್ಟ ಮೇಲಿನದೂ ಇದೆ. ಈಗಿರುವ ರಸ್ತೆಯ ಮೇಲೆ ಈರಣ್ಣ ಎಂಜಿನ್ ಬಂದ್ ಮಾಡಿ ಜೀಪು ಉರುಳಿಸಿಕೊಂಡು ಬಂದ ಅಳತೆ ಇಲ್ಲ.